ಗುರು ಹೊರಡುವ ಹೊತ್ತು

ಶಾಲೆಗೆ ಹೊಸ ಮಾಸ್ತರರು ಬರುವರೆಂದರೆ ಮಕ್ಕಳಿಗೆ ಕುತೂಹಲ. ಹಳೆಯ ಮಾಸ್ತರರು ಹೋಗುವರೆಂದರೆ ಕಳವಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ‘ಮಾಸ್ತರರಿಗೆ ವರ್ಗ ಆಯಿತಂತೆ’ ಎಂಬ ಒಂದು ಮಾತು ಹುಟ್ಟಿದರೆ ಸಾಕು, ಅದು ಸಂಜೆಯೊಳಗೆ ಮನೆಮನೆಯ ಕಟ್ಟೆಯನ್ನು ಮುಟ್ಟುತ್ತದೆ. ಹತ್ತಿಪ್ಪತ್ತು ವರ್ಷ ಒಂದೆಡೆ ದುಡಿದವರನ್ನು ಊರು ತನ್ನವರೆಂದೇ ಬಗೆದಿರುತ್ತದೆ. ಆದರೆ ಗುರುವಾದವರು ಒಂದಲ್ಲ ಒಂದು ದಿನ ಹೊರಡಲೇಬೇಕು. ಆ ಹೊತ್ತಿನಲ್ಲಿ ಅವರು ಏನನ್ನು ಉಳಿಸಿಹೋಗುತ್ತಾರೆ ಎಂಬುದೇ ನಾವು ವಿಚಾರಿಸಬೇಕಾದ ಸಂಗತಿ.

ಬ್ಯಾಸ್ಕೆಟ್‌ಬಾಲ್ ಆಟದ ಇತಿಹಾಸವನ್ನು ಓದುವಾಗ ಈ ವಿಚಾರ ನನ್ನನ್ನು ಬಹುವಾಗಿ ಕಾಡಿತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ಈ ಆಟವನ್ನು ಆರಂಭಿಸಿದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾದರು. ಅವರ ಶಿಷ್ಯರಾದ ಫಾಗ್ ಅಲೆನ್ ಅದೇ ಸ್ಥಾನಕ್ಕೆ ಬಂದು, ಎರಡು ಅವಧಿಗಳಲ್ಲಿ ಸೇರಿ ಮೂವತ್ತೊಂಬತ್ತು ಋತುಗಳ ಕಾಲ ತಂಡವನ್ನು ನಡೆಸಿದರು. ವಿಲ್ಟ್ ಚೇಂಬರ್ಲೇನ್ ಎಂಬ ಅಸಾಧಾರಣ ಆಟಗಾರನು ಆಗತಾನೇ ಅವರಲ್ಲಿಗೆ ಬಂದಿದ್ದನು. ಅವನನ್ನು ತಮ್ಮ ಕೈಯಲ್ಲೇ ಬೆಳೆಸಬೇಕೆಂಬ ಹಂಬಲ ಅಲೆನ್ನರಿಗಿತ್ತು. ಆದರೆ ಎಪ್ಪತ್ತು ವರ್ಷ ತುಂಬಿದವರು ನಿವೃತ್ತರಾಗಬೇಕೆಂಬ ನಿಯಮ ಅಡ್ಡ ಬಂದಿತು. 1956ರಲ್ಲಿ ಅವರು ಮನಸ್ಸಿಲ್ಲದ ಮನಸ್ಸಿನಿಂದ ಸ್ಥಾನವನ್ನು ಬಿಟ್ಟರು.

ಇನ್ನೊಬ್ಬರ ನಿರ್ಗಮನ ಬೇರೆ ಬಗೆಯದು. ಜಾನ್ ವುಡನ್ ಎಂಬುವರು 1948ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡದ ಹೊಣೆ ಹೊತ್ತರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಅವರಿಗೆ ದೊರೆತದ್ದು ಹದಿನಾರನೆಯ ಋತುವಿನಲ್ಲಿ, ಅಂದರೆ 1964ರಲ್ಲಿ. ಅಲ್ಲಿಂದ ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿಗಳು ಬಂದವು. ಇಂಥವರು ಹೊಸ ಆಟಗಾರರಿಗೆ ಮೊದಲು ಕಲಿಸುತ್ತಿದ್ದುದು ಏನನ್ನು? ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿಕೊಳ್ಳುವುದನ್ನು! ಸುಕ್ಕಿದ್ದರೆ ಪಾದದಲ್ಲಿ ಗುಳ್ಳೆ ಏಳುತ್ತದೆ; ಗುಳ್ಳೆ ಎದ್ದವನು ಓಡಲಾರನು. ದೊಡ್ಡ ಗೆಲುವಿನ ಬೇರು ಇಷ್ಟು ಸಣ್ಣ ಎಚ್ಚರದಲ್ಲಿರುತ್ತದೆ.

1975ರ ಮಾರ್ಚ್ 29ರಂದು ಅವರ ತಂಡ ಉಪಾಂತ್ಯ ಪಂದ್ಯವನ್ನು ಒಂದೇ ಅಂಕದಿಂದ ಗೆದ್ದಿತು. ಸೋತ ತಂಡದ ತರಬೇತುದಾರರೂ ಅವರ ಶಿಷ್ಯರೇ! ಆ ದಿನವೇ ವುಡನ್ನರು, ಮುಂದಿನ ಪಂದ್ಯವೇ ತಮ್ಮ ಕೊನೆಯದೆಂದು ಹುಡುಗರಿಗೆ ತಿಳಿಸಿದರು. ಎರಡು ದಿನಗಳ ಅನಂತರ ಹುಡುಗರು ಆ ಪಂದ್ಯವನ್ನೂ ಗೆದ್ದು ಗುರುವನ್ನು ಬೀಳ್ಕೊಟ್ಟರು.

ಆದರೆ ಹಿಂದೆ ಉಳಿದವರ ಪಾಡು ಸುಲಭವಾಗಿರಲಿಲ್ಲ. ವುಡನ್ನರ ಸ್ಥಾನಕ್ಕೆ ಬಂದ ಜೀನ್ ಬಾರ್ಟೋ ಅವರು ಎರಡು ಋತುಗಳ 61 ಪಂದ್ಯಗಳಲ್ಲಿ 52ನ್ನು ಗೆದ್ದರೂ ಜನರಿಗೆ ತೃಪ್ತಿಯಾಗಲಿಲ್ಲ. ಅವರು 1977ರಲ್ಲಿ ಬೇರೆಡೆಗೆ ಹೊರಟರು. ಹೆಮ್ಮರದ ನೆರಳಿನಲ್ಲಿ ಸಸಿ ಬೆಳೆಯುವುದು ಕಷ್ಟ. ಹೋದವರ ಅಳತೆಗೋಲಿನಿಂದಲೇ ಬಂದವರನ್ನು ಅಳೆಯುವುದು ನ್ಯಾಯವೇ? ಅದು ಬಂದವರಿಗೂ ಅನ್ಯಾಯ, ಹೋದವರಿಗೂ ಗೌರವವಲ್ಲ.

ನಮ್ಮ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲಿನ ಕಂಬಗಳಿರಲಿಲ್ಲ. ಎರೆಮಣ್ಣಿನ ಬಯಲಿನಲ್ಲಿ ಖೋಖೋ ಮತ್ತು ವಾಲಿಬಾಲ್ ನಡೆಯುತ್ತಿದ್ದವು. ಅಲ್ಲಿನ ವ್ಯಾಯಾಮ ಶಿಕ್ಷಕರನ್ನು ನಾವು ಡ್ರಿಲ್ ಮಾಸ್ತರರೆಂದು ಕರೆಯುತ್ತಿದ್ದೆವು. ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸವನ್ನು ಅವರು ವರ್ಷಾನುಗಟ್ಟಲೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ನಿವೃತ್ತಿಯ ವರ್ಷ ಮಾತ್ರ ನಮ್ಮನ್ನು ಕರೆದು, ಹನ್ನೆರಡು ಸಮಭಾಗಗಳಿಗೆ ಗಂಟು ಹಾಕಿದ ಹಗ್ಗವೊಂದನ್ನು ಕೈಗಿತ್ತರು. ಮೂರು, ನಾಲ್ಕು, ಐದು ಭಾಗಗಳ ತ್ರಿಕೋನವಾಗಿ ಅದನ್ನು ಬಿಗಿಹಿಡಿದರೆ ಮೂಲೆ ತಾನಾಗಿಯೇ ಲಂಬಕೋನವಾಗುವುದನ್ನು ತೋರಿಸಿದರು. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಅಂಗಳವನ್ನು ನಮ್ಮಿಂದಲೇ ಬರೆಯಿಸಿದರು. ಅವರು ಹೋದ ಮೇಲೆ ಮಳೆ ಬಂದು ಗೆರೆಗಳೆಲ್ಲ ಅಳಿಸಿಹೋದವು. ಹೊಸ ಮಾಸ್ತರರು ಇನ್ನೂ ಬಂದಿರಲಿಲ್ಲ. ಆದರೂ ಆಟ ನಿಲ್ಲಲಿಲ್ಲ. ಹಗ್ಗ ನಮ್ಮಲ್ಲಿತ್ತು, ಅದನ್ನು ಹಿಡಿಯುವ ವಿದ್ಯೆಯೂ ನಮ್ಮಲ್ಲಿತ್ತು.

ನಮ್ಮ ನಾಡಿನ ಹಿರಿಯ ನಿದರ್ಶನವೊಂದು ಇಲ್ಲಿ ನೆನಪಾಗುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು, ಕೊನೆಗೆ ಆ ಅಧಿಕಾರವನ್ನೂ ನಗರವನ್ನೂ ತೊರೆದು ಕೂಡಲಸಂಗಮಕ್ಕೆ ತೆರಳಿದರೆಂದು ಪರಂಪರೆ ಹೇಳುತ್ತದೆ. ಇಂದು ಆ ಭಂಡಾರವಿಲ್ಲ, ಆ ಸಿಂಹಾಸನವೂ ಇಲ್ಲ. ಎಂಟು ಶತಮಾನಗಳು ಉರುಳಿದರೂ ಅವರ ವಚನಗಳು ಮಾತ್ರ ಜನರ ನಾಲಗೆಯ ಮೇಲಿವೆ.

ಸ್ಥಾನವು ಒಬ್ಬರಿಂದ ಒಬ್ಬರಿಗೆ ಹೋಗತಕ್ಕದ್ದು. ಅಲೆನ್ನರಂತೆ ನಿಯಮಕ್ಕೆ ತಲೆಬಾಗಿ ಹೋದರೂ, ವುಡನ್ನರಂತೆ ತಾವಾಗಿಯೇ ಹೊರಟರೂ ಕುರ್ಚಿ ತೆರವಾಗುವುದು ನಿಶ್ಚಯ. ತೆರವಾಗಬಾರದ್ದು ಶಿಷ್ಯರ ಕೈಗೆ ಬಂದ ವಿದ್ಯೆ. ಆದುದರಿಂದ ಪ್ರೀತಿಯ ಗುರುಗಳು ಹೊರಡುವರೆಂಬ ಸುದ್ದಿ ಬಂದಾಗ ಕಣ್ಣು ತೇವವಾದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಇನ್ನು ನಮಗೆ ಯಾರು ಗತಿ?’ ಎಂದು ಕೈಚೆಲ್ಲಿ ಕೂಡುವುದಕ್ಕಿಂತ, ಅವರಿಂದ ಕಲಿತುದನ್ನು ಮರುದಿನ ಅವರಿಲ್ಲದೆಯೇ ಮಾಡಿತೋರಿಸುವುದು ಮೇಲು. ಗುರುವಿಗೆ ಸಲ್ಲಿಸಬಹುದಾದ ನಿಜವಾದ ಕಾಣಿಕೆ ಅದೇ.