ಬೆಟ್ಟದ ಮಣ್ಣು, ಬೆಂಗ್ರೆಯ ಮರಳು

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತರೆ ಇಳಿಯದವರು ಕಡಿಮೆ. ಬಿಸಿ ನೀರುದೋಸೆ, ಒಂದು ಲೋಟ ಕಾಫಿ, ಮೈ ನಡುಗಿಸುವ ಮಂಜು, ಇವಿಷ್ಟಾದ ಮೇಲೆಯೇ ಚಾರ್ಮಾಡಿಯ ತಿರುವುಗಳು. ಕಳಸದ ಕಡೆಯಿಂದ ಬರುವ ರಸ್ತೆಯೂ ಮೂಡಿಗೆರೆಯಿಂದ ಬರುವ ಹೆದ್ದಾರಿಯೂ ಇಲ್ಲಿ ಸೇರುತ್ತವೆ. ರಸ್ತೆಗಳು ಸೇರುವ ಈ ಊರಿನ ಸುತ್ತಮುತ್ತ ನೀರು ಮಾತ್ರ ಬೇರೆಯಾಗುತ್ತದೆ. ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರು ದಾಟಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಹನಿಯಾದರೋ ಚಾರ್ಮಾಡಿಯ ಕಂದಕಕ್ಕೆ ಧುಮುಕಿ, ಮೃತ್ಯುಂಜಯ ಹೊಳೆಯಾಗಿ, ನೇತ್ರಾವತಿಯನ್ನು ಸೇರಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ.

ಜನವರಿಯ ಒಂದು ಶನಿವಾರ ಮುಂಜಾನೆ ಈ ಎರಡನೆಯ ದಾರಿಯನ್ನೇ ಹಿಡಿದು ಇಬ್ಬರು ಸೈಕಲ್ ಹತ್ತಿದರು. ಒಬ್ಬರು ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿರುವ ಐವತ್ತೈದರ ಹಿರಿಯರು. ಇನ್ನೊಬ್ಬ ಅವರ ತಂಗಿಯ ಮಗ, ಪದವಿ ಕಾಲೇಜಿನ ವಿದ್ಯಾರ್ಥಿ. ಹುಡುಗನ ಮನೆ ಘಾಟಿಯ ಬುಡದ ಚಾರ್ಮಾಡಿ ಗ್ರಾಮದಲ್ಲಿ. ಓದಿಗಾಗಿ ಮಾವನ ಮನೆಯಲ್ಲಿದ್ದಾನೆ. ಹುಡುಗನದು ಗೇರಿನ ಸೈಕಲ್ಲು. ಮಾವನದು ಇಪ್ಪತ್ತು ವರ್ಷ ಎಸ್ಟೇಟಿನ ಏರಿಳಿತ ಕಂಡ ಕಪ್ಪು ಸೈಕಲ್ಲು. ಹಿಂದಿನ ರಾತ್ರಿಯೇ ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಹಾಕಿಸಿದ್ದರು.

ಮೋಜಿನ ಪ್ರವಾಸದಂತೆ ಕಂಡರೂ ಇದರ ಹಿಂದೆ ಒಂದು ಚಿಂತೆಯಿತ್ತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿಹೋಯಿತು. ಮೃತ್ಯುಂಜಯ ಹೊಳೆ ಉಕ್ಕಿ, ಗ್ರಾಮದ ಕೊಳಂಬೆಯ ಮನೆ ತೋಟಗಳಿಗೆ ಮರಳು, ಕಲ್ಲು, ಮರದ ದಿಮ್ಮಿಗಳನ್ನು ತಂದು ಸುರಿಯಿತು. ಹುಡುಗನ ಮನೆಯ ಅಡಿಕೆ ತೋಟದಲ್ಲೂ ಸೊಂಟದ ಮಟ್ಟ ಮರಳು. ಹುಡುಗನ ತಂದೆ ಆಗಲೇ ತೀರಿಕೊಂಡಿದ್ದರು. ತಾಯಿ ಸಾಲ ಮಾಡಿ ಅರ್ಧ ಮರಳು ತೆಗೆಸಿದರು; ಉಳಿದರ್ಧದಲ್ಲಿ ಮರಗಳು ನಿಂತಲ್ಲೇ ಹಳದಿಯಾದವು. ಈಗ ಜಾಗ ಕೊಳ್ಳಲು ಒಬ್ಬರು ಬಂದಿದ್ದಾರೆ. ಮಾರುವುದೋ, ಮತ್ತೆ ಸಸಿ ಇಡುವುದೋ? ಸೋಮವಾರದೊಳಗೆ ಮಗ ಹೇಳಬೇಕು.

"ಹೊಳೆ ನಮ್ಮಲ್ಲಿ ಬಿಟ್ಟದ್ದು ಇಷ್ಟು. ಹೊತ್ತುಕೊಂಡು ಹೋದದ್ದು ಎಲ್ಲಿ ಹಾಕಿತು ಮಾವ?" ಎಂದು ಒಂದು ದಿನ ಅವನು ಕೇಳಿದ್ದ.

"ನೋಡಿಕೊಂಡೇ ಬರಾಣ ನಡಿಯೋ," ಎಂದಿದ್ದರು ಮಾವ.

ಮೂರು ಸಾವಿರ ಅಡಿಯ ಇಳಿತ

ಕೊಟ್ಟಿಗೆಹಾರ ಇರುವುದು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲೆ. ಇಪ್ಪತ್ತೈದು ಕಿ.ಮೀ. ಆಸುಪಾಸಿನ ಘಾಟಿ ಈ ಎತ್ತರದ ಬಹುಭಾಗವನ್ನು ಕಳೆದುಬಿಡುತ್ತದೆ. ಸಾವಿರ ಮೀಟರ್ ಇಳಿದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿ ಏರುತ್ತದೆಂಬ ಪಾಠವನ್ನು ಇಲ್ಲಿ ಪುಸ್ತಕವಿಲ್ಲದೆ ಕಲಿಯಬಹುದು. ಮೇಲೆ ಹಾಕಿಕೊಂಡ ಸ್ವೆಟರು ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಭಾರವೆನಿಸಿ, ಕಕ್ಕಿಂಜೆಯಲ್ಲಿ ಚೀಲ ಸೇರುತ್ತದೆ.

ಇಳಿಯುವುದು ಸುಲಭವೆಂದು ತಿಳಿದವರು ಸೈಕಲ್ಲಿನಲ್ಲಿ ಘಾಟಿ ಇಳಿದವರಲ್ಲ. ಎಡೆಬಿಡದೆ ಬ್ರೇಕು ಹಿಡಿದರೆ ಚಕ್ರದ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಇಳಿಯಬೇಕು. ಎರಡು ತಿರುವಿಗೊಮ್ಮೆ ನಿಂತು ರಿಮ್ಮು ಆರಿಸಬೇಕು. ಹಾಗೆ ನಿಂತಲ್ಲೆಲ್ಲ ಹುಡುಗನ ಕಣ್ಣು ಗುಡ್ಡದ ಗಾಯಗಳ ಮೇಲೆ. ಕೆಂಪು ಮಣ್ಣು ಜಾರಿದ ಜಾಗದಲ್ಲಿ ಈಗ ಹುಲ್ಲು ಬಂದಿದೆ, ಗಿಡ ಬಂದಿಲ್ಲ.

ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ಪುಂಜಾಲಕಟ್ಟೆ ದಾಟಿ ಬಿ.ಸಿ. ರೋಡಿಗೆ ಬರುವಾಗ ನೆತ್ತಿ ಸುಡುವ ಬಿಸಿಲು. ಮುಂದೆ ತುಂಬೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟು ಇಲ್ಲಿ ನೇತ್ರಾವತಿಗೆ ಅಡ್ಡ ನಿಂತಿದೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇತ್ತು. ಕುಸಿದ ಗುಡ್ಡದ ಮಣ್ಣಿನಲ್ಲಿ ನುಣುಪಾದ ಜೇಡಿ ನೀರಿನಲ್ಲಿ ತೇಲುತ್ತ ಕೆಲವೇ ದಿನಗಳಲ್ಲಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಕೆಂಪಾಗುವುದು ಅದರಿಂದಲೇ. ದಪ್ಪ ಮರಳಿಗೆ ಆ ವೇಗವಿಲ್ಲ. ಅದು ನೆರೆ ಬಂದಾಗ ತಳದಲ್ಲಿ ಉರುಳುತ್ತದೆ, ನೆರೆ ಇಳಿದಾಗ ನಿಲ್ಲುತ್ತದೆ. ಬೆಟ್ಟದಿಂದ ಕಡಲಿಗೆ ಅದರ ಪಯಣ ವರ್ಷಾನುವರ್ಷಗಳದು. ನಡುವೆ ಅಣೆಕಟ್ಟು ತಡೆಯುತ್ತದೆ, ಮರಳು ತೆಗೆಯುವವರು ಬಾಚುತ್ತಾರೆ. ಹೊರಟ ಮರಳೆಲ್ಲ ಕಡಲು ಮುಟ್ಟುವುದಿಲ್ಲ.

ನೂರು ಕಿ.ಮೀ. ಆಸುಪಾಸು ತುಳಿದು ಸಂಜೆ ಮಂಗಳೂರು ಸೇರಿದವರು ನೆಂಟರ ಮನೆಯಲ್ಲಿ ಮಲಗಿದರು.

ನದಿಗೂ ಕಡಲಿಗೂ ನಡುವೆ

ಭಾನುವಾರ ಬೆಳಗ್ಗೆ ಸುಲ್ತಾನ್ ಬತ್ತೇರಿ. ನದಿಯೊಳಗೆ ಶತ್ರುಗಳ ಹಡಗು ನುಗ್ಗದಿರಲೆಂದು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರವಿದು. ಇದರ ಬುಡದಿಂದ ದೋಣಿ ಗುರುಪುರ ನದಿ ದಾಟಿಸುತ್ತದೆ. ಈ ನದಿಗೆ ಫಲ್ಗುಣಿ ಎಂದೂ ಹೆಸರು. ದೋಣಿಯವನು ಸೈಕಲ್ಲುಗಳನ್ನು ಒರಗಿಸಿಡಲು ಜಾಗ ಮಾಡಿಕೊಟ್ಟ. ಆಚೆ ದಡವೇ ತಣ್ಣೀರುಬಾವಿ. ಅಲ್ಲಿಂದ ದಕ್ಷಿಣಕ್ಕೆ ತೋಟ ಬೆಂಗ್ರೆ, ಕಸಬ ಬೆಂಗ್ರೆಗಳನ್ನು ಹಾದು ಅಳಿವೆಬಾಗಿಲವರೆಗೆ ಐದು ಕಿ.ಮೀ. ಆಸುಪಾಸಿನ ಮರಳಿನ ನಾಲಗೆ.

ಎಡಕ್ಕೆ ನದಿ, ಬಲಕ್ಕೆ ಕಡಲು, ನಡುವೆ ರಸ್ತೆ. ಅನೇಕ ಕಡೆ ಕಡಲಿನಿಂದ ನದಿಗೆ ಐದಾರು ನಿಮಿಷದ ನಡಿಗೆ ಅಷ್ಟೆ. ತೆಂಗು, ಗಾಳಿಮರ, ಒಣಗಲು ಹರವಿದ ಬಲೆ, ಬೋರಲು ಹಾಕಿದ ದೋಣಿ, ಗುಡಿ, ಮಸೀದಿ. ಮೊಗವೀರರೂ ಬ್ಯಾರಿಗಳೂ ತಲೆತಲಾಂತರದಿಂದ ಬಾಳುವ ನೆಲ. ನದಿಯಾಚೆ ಹಳೆ ಬಂದರು, ಹೊಯಿಗೆಬಜಾರ್. ಹೊಯಿಗೆ ಎಂದರೆ ಕರಾವಳಿಯ ಮಾತಿನಲ್ಲಿ ಮರಳು. ಬೆಂಗ್ರೆಯವರಿಗೆ ಪೇಟೆಯೆಂದರೆ ಆ ದಡ. ಹತ್ತು ನಿಮಿಷದ ದೋಣಿ ತಪ್ಪಿದರೆ ಕೂಳೂರು ಸೇತುವೆಗಾಗಿ ಸುತ್ತಬೇಕು.

ಘಾಟಿಯ ಮಗನಿಗೆ ಮೊದಲು ಬೆರಗಾದದ್ದು ರಸ್ತೆಯ ಸಮತಟ್ಟು. ಹುಟ್ಟಿದ ಮೇಲೆ ಒಂದು ಕಿಲೋಮೀಟರು ಗೇರು ಬದಲಿಸದೆ ತುಳಿದವನಲ್ಲ ಅವನು.

"ಎಂಥ ರಸ್ತೆ ಮಾವ, ಏರೂ ಇಲ್ಲ, ಇಳಿತವೂ ಇಲ್ಲ!"

"ಮಧ್ಯಾಹ್ನ ಆಗಲಿ ತಡಿ," ಎಂದರು ಮಾವ.

ಅವರ ಮಾತು ನಿಜವೇ. ಬೆಂಗ್ರೆಯಲ್ಲಿ ಗಾಳಿಯೇ ಏರು. ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ಬೆಳಗಿನ ತನಕ ನೆಲದಿಂದ ಕಡಲಿಗೆ ಮೆಲುಗಾಳಿ. ಬಿಸಿಲೇರಿದಂತೆ ನೆಲ ಕಾದು, ಕಡಲಿನಿಂದ ಗಾಳಿ ತಿರುಗಿ ಬೀಸುತ್ತದೆ. ಬೇಸಗೆಯ ಮಧ್ಯಾಹ್ನ ಅದು ವಾಯವ್ಯದ ಕಡೆಯಿಂದ ಬರುವುದೇ ಹೆಚ್ಚು. ದಕ್ಷಿಣಕ್ಕೆ ಹೋಗುವಾಗ ಬೆನ್ನು ತಟ್ಟುವ ಗಾಳಿ, ಮರಳುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಹಾಗಾಗಿ ಇಲ್ಲಿ ಸೈಕಲ್ ತುಳಿಯಬಯಸುವವರು ಬೆಳಗ್ಗೆ ಒಂಬತ್ತರೊಳಗೆ ಹೋಗಿ ಬರುವುದು ಲೇಸು. ಊರು ಸೇರಿದ ಕೂಡಲೇ ಸಿಹಿನೀರಿನಲ್ಲಿ ಸೈಕಲ್ ತೊಳೆದು ಸರಪಳಿಗೆ ಎಣ್ಣೆ ಬಿಡದಿದ್ದರೆ ಉಪ್ಪುಗಾಳಿಯ ತುಕ್ಕು ಬಿಡುವುದಿಲ್ಲ.

ಇಂಥ ನೆಲ ಹೇಗಾಯಿತು? ನದಿ ಹೊತ್ತು ತಂದ ಮರಳನ್ನು ಅಲೆಗಳು ದಡದುದ್ದಕ್ಕೂ ಹರವುತ್ತವೆ; ನದಿಯ ಬಾಯಿಗೆ ಅಡ್ಡಲಾಗಿ ದಂಡೆ ಬೆಳೆಯುತ್ತದೆ; ಹುಲ್ಲು, ಬಳ್ಳಿ ಬೇರೂರಿ ಅದನ್ನು ಹಿಡಿದಿಡುತ್ತವೆ. ಒಂದು ತುದಿ ನೆಲಕ್ಕೆ ಅಂಟಿಕೊಂಡಿದ್ದರೆ ಬೆಂಗ್ರೆ. ಎರಡೂ ತುದಿ ಬಿಟ್ಟುಕೊಂಡರೆ ತಡೆದ್ವೀಪ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ ಮಂಗಳೂರಿನ ಬೆಂಗ್ರೆಯ ಜಾತಿಯದು. ನಮ್ಮ ರಾಕೆಟ್ಟುಗಳು ಹಾರುವ ಶ್ರೀಹರಿಕೋಟಾ ಪುಲಿಕಾಟ್ ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವಿನ ತಡೆದ್ವೀಪ. ಕಡಲ ಹೊಡೆತವನ್ನು ಮೊದಲು ತಾನು ತಿಂದು ಹಿಂದಿನ ನೆಲವನ್ನು ಕಾಯುವುದು ಈ ಮರಳುದಿಬ್ಬಗಳ ಕೆಲಸ.

ಆದರೆ ಅವು ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಇಂಥದೇ ದ್ವೀಪವೊಂದರ ಮೇಲೆ 1870ರಲ್ಲಿ ಹ್ಯಾಟರಸ್ ದೀಪಸ್ತಂಭ ಕಟ್ಟಿದರು. ಆಗ ಕಡಲು ಸುಮಾರು 450 ಮೀಟರ್ ದೂರವಿತ್ತು. ಅದು ಹತ್ತಿರ ಹತ್ತಿರ ಬಂದು, ಕೊನೆಗೆ 1999ರಲ್ಲಿ ಇಡೀ ಸ್ತಂಭವನ್ನೇ ಹಳಿಗಳ ಮೇಲೆ ಜರುಗಿಸಿ ಸುಮಾರು 880 ಮೀಟರ್ ಆಚೆ ನಿಲ್ಲಿಸಬೇಕಾಯಿತು.

ಅಳಿವೆಬಾಗಿಲಲ್ಲಿ

ರಸ್ತೆ ಮುಗಿದಲ್ಲಿ ಸೈಕಲ್ ತಳ್ಳಿಕೊಂಡು ಹೋದರೆ ಅಲೆತಡೆಯ ಕಲ್ಲುಗಳು. ಬೆಂಗ್ರೆಗೂ ಎದುರಿನ ಉಳ್ಳಾಲಕ್ಕೂ ನಡುವಿನ ಬಾಗಿಲಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಕಡಲಿಗೆ ಸೇರುತ್ತವೆ. ಹುಡುಗ ಒಂದು ಹಿಡಿ ಮರಳು ಎತ್ತಿಕೊಂಡ. ಬಿಳಿಯದು ಬೆಣಚುಕಲ್ಲಿನ ಹರಳು. ಬೆಟ್ಟದ ಬಂಡೆಯ ಉಳಿದ ಅಂಶಗಳೆಲ್ಲ ಕರಗಿ ಜೇಡಿಯಾದರೂ ಅದು ಸವೆಯದೆ ಉಳಿಯುತ್ತದೆ.

"ನಮ್ಮ ತೋಟದ ಮೇಲೆ ಬಿದ್ದದ್ದೂ ಇದೇ ಅಲ್ವಾ ಮಾವ?"

ಬಲೆ ಸರಿಪಡಿಸುತ್ತ ಕೂತಿದ್ದ ಹಿರಿಯರೊಬ್ಬರು ತಲೆಯೆತ್ತಿ, "ನೀವು ಎಲ್ಲಿಂದ ಬಂದದ್ದು?" ಎಂದು ಕೇಳಿದರು. ಮಾವ ಚಾರ್ಮಾಡಿಯ ಕತೆ ಹೇಳಿದರು.

"ನಿಮಗೆ ಅಲ್ಲಿ ಹೊಯಿಗೆ ಹೆಚ್ಚಾದದ್ದು. ನಮಗೆ ಇಲ್ಲಿ ಸಾಲುವುದಿಲ್ಲ ಮಾರಾಯ್ರೆ," ಎಂದರು ಅವರು. "ಮಳೆಗಾಲದಲ್ಲಿ ಕಡಲು ಹೊಯಿಗೆ ಎಳಕೊಂಡು ಹೋಗ್ತದೆ, ಮಳೆ ಬಿಟ್ಟ ಮೇಲೆ ತಂದು ಹಾಕ್ತದೆ. ಮೊದಲು ತಂದಷ್ಟು ಈಗ ತರುವುದಿಲ್ಲ. ಅಲ್ಲಿ ಉಳ್ಳಾಲದಲ್ಲಿ ಎಷ್ಟು ಮನೆ ಹೋಯಿತು!"

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಉಳ್ಳಾಲ, ಸೋಮೇಶ್ವರದ ದಡ ಅನುಭವಿಸಿದ್ದನ್ನು ಕರಾವಳಿ ಮರೆತಿಲ್ಲ. ನದಿ ತರುವ ಮರಳು ಕಡಿಮೆಯಾದರೆ ಅಲೆಗೆ ತಿನ್ನಲು ಸಿಗುವುದು ದಡವೇ. ಕಲ್ಲು ಹಾಕಿ ಒಂದು ಕಡೆ ತಡೆದರೆ ಅದು ಪಕ್ಕದಲ್ಲಿ ಕೊರೆಯುತ್ತದೆ.

"ಮತ್ತೆ ನೀವು ಇಲ್ಲಿ ಹೇಗೆ ಇರ್ತೀರಿ ಅಜ್ಜ?" ಎಂದು ಹುಡುಗ ಕೇಳಿದ.

"ನಮ್ಮ ಅಪ್ಪ ಮನೆ ಕಟ್ಟುವಾಗ ನದಿ ಬದಿಗೆ ಕಟ್ಟಿದ್ದು. ಕಡಲ ಬದಿಯಲ್ಲಿ ದೋಣಿ ಇಡುವುದು, ಬಲೆ ಒಣಗಿಸುವುದು. ಕಡಲಿಗೆ ಸ್ವಲ್ಪ ಜಾಗ ಬಿಡಬೇಕು. ಬಿಡದಿದ್ದರೆ ಅದೇ ತಕೊಳ್ತದೆ."

ಹುಡುಗ ಮುಂದೆ ಏನೂ ಕೇಳಲಿಲ್ಲ. ಹಿಡಿಯಲ್ಲಿದ್ದ ಮರಳನ್ನು ಅಲ್ಲೇ ಬಿಟ್ಟ.

ಮರಳುವಾಗ ಗಾಳಿ ತಿರುಗಿತ್ತು. ಐದು ಕಿ.ಮೀ.ಗೆ ಮುಕ್ಕಾಲು ಗಂಟೆ. ಮಾವ ಎರಡು ಕಡೆ ಇಳಿದು ತಳ್ಳಿದರು. ದೋಣಿ ದಾಟಿ ಬಂದರಿಗೆ ಬಂದಾಗ ಮೂಡಿಗೆರೆಗೆ ಮೀನು ಒಯ್ಯುವ ಪಿಕಪ್ಪೊಂದು ಹೊರಡುವುದರಲ್ಲಿತ್ತು. ಮೀನಿನ ಪೆಟ್ಟಿಗೆಗಳ ಮೇಲೆ ಸೈಕಲ್ಲುಗಳನ್ನು ಕಟ್ಟಿ ಇಬ್ಬರೂ ಮುಂದೆ ಕೂತರು.

ಕಕ್ಕಿಂಜೆ ದಾಟಿ ಮೃತ್ಯುಂಜಯ ಹೊಳೆ ಕಂಡಾಗ ಹುಡುಗ ಬಾಯಿಬಿಟ್ಟ.

"ಮಾವ, ಜಾಗ ಮಾರೋದು ಬೇಡ. ಹೊಳೆ ಬದಿಯ ನಾಲ್ಕು ಸಾಲು ಅಡಿಕೆ ಮತ್ತೆ ಇಡೋದೂ ಬೇಡ. ಅಲ್ಲಿ ಬಿದಿರು ಹಾಕಿ ಬಿಟ್ಟುಬಿಡಾಣ. ಮೇಲಿನ ಅರ್ಧ ಸಾಕು."

"ಅರ್ಧ ತೋಟದಲ್ಲಿ ಸಾಲ ತೀರ್ತದೇನೋ?"

"ನಿಧಾನಕ್ಕೆ ತೀರ್ತದೆ."

ಮಾವ ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದರು. ಜನವರಿಯ ಹೊಳೆ ಕಲ್ಲುಗಳ ನಡುವೆ ಒಂದು ಎಳೆಯಾಗಿ ಹರಿಯುತ್ತಿತ್ತು.

"ನಿಮ್ಮಮ್ಮನಿಗೆ ನೀನೇ ಹೇಳು," ಎಂದರು. "ಇಲ್ಲೇ ಇಳಿ. ಸೈಕಲ್ಲು ನಾನು ಮೇಲಕ್ಕೆ ಒಯ್ತೀನಿ."

ಚಾರ್ಮಾಡಿಯಲ್ಲಿ ಹುಡುಗ ಇಳಿದ. ಗಾಡಿ ಘಾಟಿ ಹತ್ತಿತು. ಕೊಟ್ಟಿಗೆಹಾರದಲ್ಲಿ ಆಗಲೇ ಮಂಜು ಮುಸುಕಿತ್ತು, ದೋಸೆಯ ಕಾವಲಿ ಕಾಯುತ್ತಿತ್ತು.