'ಯಾವ ಜನ?' ಅಂತ ಕೇಳದ ಕತೆ



ಅಕ್ಕನ ಮಗಳು 'ಮಾಮ, ಇದನ್ನ ನೋಡು' ಅಂತ ಮೊಬೈಲಿನಲ್ಲಿ ಜಪಾನಿನ ಒಂದು ಕಾರ್ಟೂನ್ ಧಾರಾವಾಹಿ ತೋರಿಸಿದಳು. ಹೆಸರು 'ಯೂರಿ ಆನ್ ಐಸ್', 2016ರದ್ದು, 12 ಕಂತು. ಆಫೀಸು ಮುಗಿಸಿ ಬಂದು ದಿನಾ ಎರಡೆರಡು ನೋಡಿದೆ.

ಯೂರಿ ಸೋತು ಊರಿಗೆ ಮರಳಿದ ಐಸ್ ಸ್ಕೇಟಿಂಗ್ ಆಟಗಾರ. ರಷ್ಯಾದ ಚಾಂಪಿಯನ್ ವಿಕ್ಟರ್ ಅವನಿಗೆ ಕೋಚ್ ಆಗಿ ಬರ್ತಾನೆ. ಗಂಡಸರಿಬ್ಬರ ನಡುವೆ ಪ್ರೀತಿ ಬೆಳೆಯುತ್ತೆ, ಬಾರ್ಸಿಲೋನಾದಲ್ಲಿ ಉಂಗುರ ತೊಡ್ತಾರೆ. ಇದು ತಪ್ಪು ಅಂತ ಕತೆಯಲ್ಲಿ ಯಾರೂ ಪಂಚಾಯ್ತಿ ಸೇರಿಸಲ್ಲ.

ನಮ್ಮ ಅಂಬಾಜಿದುರ್ಗದ ಕಡೆ ಹೊಸಬರು ಬಂದರೆ ನೀರು ಕೊಡೋಕೆ ಮುಂಚೆ 'ಯಾವ ಜನ?' ಅಂತಾರೆ. ಯಾರು ಯಾರನ್ನ ಕಟ್ಕೋಬೇಕು ಅನ್ನೋ ಕಾವಲಿನಿಂದಲೇ ಜಾತಿ ಬದುಕಿದೆ. ಅದಕ್ಕೇ ಬಾಬಾಸಾಹೇಬರು 1936ರಲ್ಲೇ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂದರು.

ಆ ಕಾವಲು ಇವರ ಮೇಲೂ ಇದೆ. ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ತನ್ನ ಸಂಗಾತಿ ಹೆಣ್ಣು ಅಂತ ಹೇಳಿದಾಗ ಮನೆಯವರೇ ವಿರೋಧಿಸಿದರು. ಸುಪ್ರೀಂ ಕೋರ್ಟು 2018ರಲ್ಲಿ 377ರ ಭಯ ತೆಗೆಯಿತು, ಆದರೆ 2023ರಲ್ಲಿ ಇಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ.

ನಮ್ಮ ಸಭೆಗಳಲ್ಲೂ ಈ ವಿಷಯ ಎತ್ತಿದ್ರೆ ಕೆಲವರು ಮುಸಿಮುಸಿ ನಗ್ತಾರೆ, 'ಸಿಟಿಯವರ ಶೋಕಿ' ಅಂತಾರೆ. ನಮ್ಮ ಕೇರಿಗಳಲ್ಲೂ ಇಂಥ ಮಕ್ಕಳಿದ್ದಾರೆ ಗೆಳೆಯರೇ. ಬೀದಿಯಲ್ಲಿ ಜಾತಿಯ ಅವಮಾನ, ಮನೆಯೊಳಗೆ ಬಾಯಿಬಿಡಲಾಗದ ಗುಟ್ಟು, ಎರಡನ್ನೂ ಹೊತ್ತು ನಡೀತಿದ್ದಾರೆ. ಜಾತಿ ಮೀರಿದ ಪ್ರೀತಿಗೆ ಮಚ್ಚು ಹಿಡಿಯೋರನ್ನ ಬೈಯೋ ನಾವು ಇವರ ಪ್ರೀತಿ ಕಂಡು ನಗಬಾರದು. ಮುಂದಿನ ಅಂಬೇಡ್ಕರ್ ಜಯಂತಿಗೆ ವೇದಿಕೆ ಮೇಲೆ ಇವರಿಗೂ ಕುರ್ಚಿ ಹಾಕೋಣ, ಕೈಗೆ ಮೈಕ್ ಕೊಡೋಣ.

ಜೈಭೀಮ್.