38ನೇ ಸೀನ್

ರಾತ್ರಿ ಒಂಬತ್ತೂವರೆ. ಗಾಂಧಿನಗರದ ಲಾಡ್ಜೊಂದರ ಎರಡನೇ ಮಹಡಿ. ನೀವು ಮಂಚದ ತುದಿಯಲ್ಲಿ ಕೂತಿದ್ದೀರಿ. ಮೊಣಕಾಲ ಮೇಲೆ ರೈಟಿಂಗ್ ಪ್ಯಾಡು, ಅದರ ಕ್ಲಿಪ್ಪಿಗೆ ಸಿಕ್ಕಿಸಿದ 130 ಹಾಳೆ. ಫ್ಯಾನಿನ ಗಾಳಿಗೆ ಅಂಚು ಪಟಪಟ ಎನ್ನುತ್ತದೆ, ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತೀರಿ. ಬೆರಳು ಬೆವೆತು ಶಾಯಿ ಹರಡಿದೆ. ಕೋಣೆಯ ತುಂಬ ಸಿಗರೇಟು, ತಣ್ಣಗಾದ ಟೀ, ಒದ್ದೆ ಟವೆಲ್ಲಿನ ವಾಸನೆ.

ಎದುರಿನ ಕುರ್ಚಿಯಲ್ಲಿ ನಿರ್ದೇಶಕರು. ಕಣ್ಣು ಮುಚ್ಚಿದ್ದಾರೆ. ಕೇಳುತ್ತಿದ್ದಾರೋ, ನಿದ್ದೆ ಹೋಗಿದ್ದಾರೋ ತಿಳಿಯುವುದಿಲ್ಲ.

ಇಲ್ಲಿ ಹಾಳೆಗಳನ್ನು ಕೈಗಿಟ್ಟು, ಓದಿ ನೋಡಿ ಸರ್ ಎಂದು ಎದ್ದು ಬರುವುದು ಅಪರೂಪ. ಕಥೆ ಹೇಳಬೇಕು. ಸೀನಿನಿಂದ ಸೀನಿಗೆ, ಯಾರ ದನಿ ಏರಬೇಕೋ ಅಲ್ಲಿ ಏರಿಸಿ, ಮೌನವಿದ್ದಲ್ಲಿ ನಿಜವಾಗಿಯೂ ಸುಮ್ಮನಿದ್ದು. ಒಂದು ಗಂಟೆಯಿಂದ ಹೇಳುತ್ತಿದ್ದೀರಿ. ಗಂಟಲು ಒಣಗಿದೆ. ನೀರಿನ ಬಾಟಲಿ ಅವರ ಕುರ್ಚಿಯ ಪಕ್ಕದಲ್ಲಿದೆ, ಕೈ ಚಾಚಲು ಧೈರ್ಯವಿಲ್ಲ.

ಈಗ 38ನೇ ಸೀನ್. ಇಂಟರ್ವಲ್.

ಅರಸೀಕೆರೆ ಬಸ್ ಸ್ಟ್ಯಾಂಡು, ಹೊರಾಂಗಣ, ರಾತ್ರಿ. ಮಗಳು ಕೆಲಸಕ್ಕೆಂದು ಕಲಬುರಗಿಗೆ ಹೊರಟಿದ್ದಾಳೆ. ತಾನು ತಂದ ಸಂಬಂಧವನ್ನು ಬೇಡವೆಂದಳೆಂದು ಮೂರು ವರ್ಷ ಅವಳೊಡನೆ ಮಾತು ಬಿಟ್ಟ ಅಪ್ಪ, ನಿವೃತ್ತ ಬಸ್ ಕಂಡಕ್ಟರ್, ಕೊನೇ ಗಳಿಗೆಯಲ್ಲಿ ಓಡಿ ಬಂದಿದ್ದಾನೆ. ನೀವು ಉಸಿರೆಳೆದುಕೊಂಡು ಹೇಳುತ್ತೀರಿ: "ಅಪ್ಪನಿಗೆ ತನ್ನ ತಪ್ಪಿನ ಅರಿವಾಗುತ್ತೆ ಸರ್. ಪಶ್ಚಾತ್ತಾಪದಿಂದ ಎದೆ ಭಾರವಾಗುತ್ತೆ..."

"ನಿಲ್ಸು."

ಕಣ್ಣು ಇನ್ನೂ ಮುಚ್ಚಿಯೇ ಇದೆ.

"ಪಶ್ಚಾತ್ತಾಪದ ಮುಂದೆ ಕ್ಯಾಮೆರಾ ಎಲ್ಲಿಡ್ಲಿ?"

ಕಿವಿ ಬಿಸಿಯಾಗುತ್ತದೆ. "ಇಲ್ಲ ಸರ್, ಆಮೇಲೆ ಅಪ್ಪ ಮಾತಾಡ್ತಾನೆ, ಎರಡು ಪುಟ ಇದೆ..." ಹಾಳೆಗೊಂದು ನಿಮಿಷ ಎನ್ನುವುದು ಚಿತ್ರಕಥೆಯ ಹಳೆಯ ಅಂದಾಜು. ಎರಡು ನಿಮಿಷ ಬಸ್ಸು ನಿಂತೇ ಇರುತ್ತದೆ, ಅಪ್ಪ ಮಾತಾಡುತ್ತಲೇ ಇರುತ್ತಾನೆ. ನಿಮಗೇ ಈಗ ಅದು ಕಾಣಿಸುತ್ತದೆ, ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ.

"ತಬರನ ಕಥೆ ನೋಡಿದ್ದೀಯ?"

ನೋಡಿದ್ದೀರಿ. ತೇಜಸ್ವಿಯವರ ಸಣ್ಣಕಥೆ, ಗಿರೀಶ್ ಕಾಸರವಳ್ಳಿಯವರ ಸಿನಿಮಾ, 1986ರ ಸಾಲಿನ ಸ್ವರ್ಣಕಮಲ. ಪಿಂಚಣಿಗಾಗಿ ಅಲೆಯುವ ತಬರಶೆಟ್ಟಿ, ಮನೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ. ಕಾಯುವುದನ್ನು ಹೇಗೆ ಕಾಣಿಸಬೇಕೆಂದು ಕಲಿಯಲು ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಪಾಠ ನನಗಂತೂ ಸಿಕ್ಕಿಲ್ಲ. ಕಥೆಗಾರ 'ದಣಿದಿದ್ದ' ಎಂದು ಬರೆದು ಮುಂದೆ ಹೋಗಬಹುದು. ಚಿತ್ರಕಥೆ ಬರೆಯುವವರು ಆ ದಣಿವಿಗೊಂದು ಮೆಟ್ಟಿಲನ್ನೋ ಸವೆದ ಚಪ್ಪಲಿಯನ್ನೋ ಹುಡುಕಿಕೊಡಬೇಕು.

"ಆ ಎರಡು ಪುಟ ತೆಗೆದುಬಿಡು. ಈಗ ಹೇಳು, ಅಪ್ಪ ಏನು ಮಾಡ್ತಾನೆ?"

ಆ ಎರಡು ಪುಟಕ್ಕೆ ಹನ್ನೊಂದು ರಾತ್ರಿ ಹಿಡಿದಿದೆ. ಅದನ್ನು ಓದಿದಾಗ ನಿಮ್ಮ ಅಕ್ಕ ಅತ್ತಿದ್ದಾಳೆ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಪುಟ್ಟಣ್ಣ 'ನಾಗರಹಾವು' ಮಾಡಿದಾಗ ಎಷ್ಟು ಒಳ್ಳೆಯ ಪುಟಗಳು ಹೊರಗುಳಿದಿರಬೇಕೆಂದು ಯೋಚಿಸುತ್ತೀರಿ. ಸಮಾಧಾನವಾಗುವುದಿಲ್ಲ. ಅವು ನಿಮ್ಮ ಪುಟಗಳಲ್ಲ.

ಫ್ಯಾನು ತಿರುಗುತ್ತದೆ. ಅಪ್ಪ ಏನು ಮಾಡುತ್ತಾನೆ? ಅಳುತ್ತಾನೆ. ಬೇಡ. ಕಾಲಿಗೆ ಬೀಳುತ್ತಾನೆ. ಛೆ. ದುಡ್ಡು ಕೊಡುತ್ತಾನೆ. ಎಲ್ಲರೂ ಕೊಡಿಸಿದ್ದಾರೆ. ಬೆನ್ನ ಮೇಲೆ ಬೆವರು ಹನಿಯಾಗಿ ಇಳಿಯುತ್ತದೆ. ನಿರ್ದೇಶಕರು ಕಣ್ಣು ತೆರೆದು ಗಡಿಯಾರ ನೋಡುತ್ತಾರೆ. ಇನ್ನರ್ಧ ನಿಮಿಷ. ಅವರು ಎದ್ದರೆ ಮುಗಿಯಿತು.

ಕಿಟಕಿಯಾಚೆ ಮೆಜೆಸ್ಟಿಕ್ ಕಡೆಯಿಂದ ಒಂದು ಸೀಟಿ. ಮತ್ತೊಂದು. ಯಾರೋ ಕಂಡಕ್ಟರು ಯಾವುದೋ ಬಸ್ಸನ್ನು ಹೊರಡಿಸುತ್ತಿದ್ದಾನೆ. ಒಂದು ಸದ್ದಾದರೆ ನಿಲ್ಲು, ಎರಡಾದರೆ ಹೊರಡು.

ನಿಮ್ಮ ಬಾಯಿ ತಾನಾಗಿಯೇ ತೆರೆಯುತ್ತದೆ.

"ಅಪ್ಪ ಕಿಟಕಿ ಹತ್ರ ಬರ್ತಾನೆ ಸರ್. ಮಗಳು ನೋಡ್ತಾಳೆ. ಏನೋ ಹೇಳೋಕೆ ಹೋಗ್ತಾನೆ, ಮಾತು ಬರಲ್ಲ. ಹಿಂದಿಂದ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತೆ. ಮೂವತ್ತು ವರ್ಷದ ಅಭ್ಯಾಸ ಸರ್... ಅವನ ಕೈ ಬಸ್ಸಿನ ಮೈಗೆ ಎರಡು ಸಲ ತಟ್ಟಿಬಿಡುತ್ತೆ."

ಮಂಚದ ಹಲಗೆಗೆ ತಟ್ಟುತ್ತೀರಿ. ಟಪ್. ಟಪ್.

"ಬಸ್ಸು ಹೊರಡುತ್ತೆ. ಅವನೇ ಕಳಿಸಿಬಿಟ್ಟ. ಕೈ ಇನ್ನೂ ಗಾಳೀಲೇ ಇದೆ. ಇಂಟರ್ವಲ್."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ನಿಮ್ಮ ಅಂಗೈ ಚುರುಗುಟ್ಟುತ್ತಿದೆ. ನಿರ್ದೇಶಕರು ಬಾಗಿ ನೀರಿನ ಬಾಟಲಿ ಎತ್ತುತ್ತಾರೆ, ಕುಡಿಯುವುದಿಲ್ಲ, ನಿಮ್ಮತ್ತ ಚಾಚುತ್ತಾರೆ.

"ಆಮೇಲೆ?"

ಒಂದೇ ಗುಟುಕಿಗೆ ಅರ್ಧ ಬಾಟಲಿ ಖಾಲಿ ಮಾಡಿ ಪುಟ ತಿರುವುತ್ತೀರಿ. 39ನೇ ಸೀನ್, ಬಸ್ಸಿನೊಳಗೆ, ರಾತ್ರಿ. ಮೊದಲ ಸಾಲು ನಿಮ್ಮದೇ ದುಂಡು ಅಕ್ಷರದಲ್ಲಿದೆ: ಅಪ್ಪ ಹೇಳಿದ ಮಾತುಗಳು ಮಗಳ ಕಿವಿಯಲ್ಲಿ ಮತ್ತೆ ಮತ್ತೆ ಮೊಳಗುತ್ತವೆ.

ಅಪ್ಪ ಈಗ ಏನೂ ಹೇಳಿಲ್ಲ. ಕೆಳಗಿನ ಸಾಲೂ ಆ ಮಾತಿನ ಮೇಲೆಯೇ ನಿಂತಿದೆ, ಅದರ ಮುಂದಿನ ಪುಟವೂ. ಜೇಬಿನಿಂದ ಪೆನ್ನು ತೆಗೆದು ಮೊದಲ ಸಾಲಿಗೆ ಗೀಟು ಎಳೆಯುತ್ತೀರಿ. ಮಗಳು ಕಿಟಕಿಯಾಚೆಯ ಕತ್ತಲು ನೋಡುತ್ತ ಕೂತಿದ್ದಾಳೆ. ಟಿಕೆಟ್ ಕೇಳುತ್ತ ಕಂಡಕ್ಟರು ಅವಳ ಸೀಟಿನ ಬಳಿ ಬರುತ್ತಾನೆ. ಅಲ್ಲಿಂದ ಹೇಳತೊಡಗುತ್ತೀರಿ.